ಬಳಗದ ಸುದ್ದಿ, ಬರೆಯುತ್ತಿರುವ ಪುಟಗಳು ಮತ್ತು ಈ ವರ್ಷದ ಪುಸ್ತಕ ಯಾವುದು ಎಂಬ ಪ್ರಶ್ನೆ

ಸಂಚಾಲಕಿ, ವಿಜಯಪುರ

ಬಳಗದ ಎಲ್ಲರಿಗೂ ನಮಸ್ಕಾರ. ಸುದ್ದಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ, ಇಂದು ಕೇಳಬೇಕಾದ ಮಾತು ಬೇರೆ ಇದೆ.

ಬೈಲಹೊಂಗಲದ ನಮ್ಮ ಕವಿಗೆ ಧಾರವಾಡ ಆಕಾಶವಾಣಿಯಿಂದ ಕವಿತಾ ವಾಚನಕ್ಕೆ ಕರೆ ಬಂದಿದೆ. ಬೆಳಗಾವಿ ಶಹಾಪುರದ ಅನುವಾದಕರು ಮರಾಠಿಯ ಹಳೆಯ ಪ್ರವಾಸಕಥನವೊಂದನ್ನು ಅರ್ಧದವರೆಗೆ ಕನ್ನಡಕ್ಕೆ ತಂದಿದ್ದಾರೆ. ನವನಗರದ ಸರ್ ತಮ್ಮ ಮುಳುಗಡೆ ಕಾದಂಬರಿಯ ಮೂರನೆಯ ಅಧ್ಯಾಯ ಕಳಿಸಿದ್ದಾರೆ. ಇಳಕಲ್ಲಿನಿಂದ ಮಗ್ಗದ ಕುರಿತು ಹೊಸ ಪ್ರಬಂಧ ಬಂದಿದೆ. ಚಡಚಣದ ತಂಗಿಯ ಬೀಸುವ ಪದಗಳ, ಎಂದರೆ ಬೀಸುಕಲ್ಲಿನ ಹಾಡುಗಳ, ಸಂಗ್ರಹ ದೊಡ್ಡದಾಗುತ್ತಿದೆ.

ಈಗ ವಿಷಯಕ್ಕೆ ಬರುತ್ತೇನೆ. ವರ್ಷದ ಕೊನೆಗೆ ಪ್ರತಿಯೊಬ್ಬರಿಂದ ಒಂದೊಂದು ಬರಹ ಪಡೆದು ಸಂಕಲನ ತರುವುದು ನಮ್ಮ ರೂಢಿ. ಈ ವರ್ಷ ಅದನ್ನು ಬಿಡೋಣ ಎಂಬುದು ನನ್ನ ಅಭಿಪ್ರಾಯ. ಸಂಕಲನ ಬಿಡುಗಡೆಯಾಗುತ್ತದೆ, ಹಾರ ತುರಾಯಿ ಆಗುತ್ತದೆ, ಪ್ರತಿಯೊಬ್ಬರೂ ತಮ್ಮ ಪುಟ ತೆರೆದು ನೋಡಿಕೊಳ್ಳುತ್ತಾರೆ. ಪಕ್ಕದವರ ಪುಟವನ್ನು ಎಷ್ಟು ಜನ ಓದುತ್ತಾರೆ? ಬಳಗದ ಹಣ, ಸಮಯ ಮತ್ತು ಗಮನವನ್ನೆಲ್ಲ ಒಂದೇ ಹಸ್ತಪ್ರತಿಗೆ ಕೊಡೋಣ. ಅದನ್ನು ಎಲ್ಲರೂ ಸಾಲು ಸಾಲಾಗಿ ಓದೋಣ, ಜಗಳವಾಡಿ ತಿದ್ದೋಣ, ಒಂದು ಪುಸ್ತಕವನ್ನು ಒಳ್ಳೆಯದಾಗಿ ತರೋಣ.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ದಾರಿ ಹಾಕಿಕೊಟ್ಟವರಿದ್ದಾರೆ. ಹಲಸಂಗಿ ಒಂದು ಸಣ್ಣ ಊರು. ಅಲ್ಲಿ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಕಾಪಸೆ ರೇವಪ್ಪನವರು, ಧೂಲಾಸಾಹೇಬರು ಕೂಡಿ ಹೆಣ್ಣುಮಕ್ಕಳ ಬಾಯಲ್ಲಿದ್ದ ಹಾಡುಗಳನ್ನು ಕೂಡಿಹಾಕಿದರು. 1931ರಲ್ಲಿ ‘ಗರತಿಯ ಹಾಡು’ ಬಂತು. ಇಂದಿಗೂ ನಾಡಿನ ಜನಪದ ಸಂಗ್ರಹಗಳ ಮಾತು ಬಂದರೆ ಅದರಿಂದಲೇ ಆರಂಭವಾಗುತ್ತದೆ. ಅವರೆಲ್ಲರೂ ಸ್ವತಃ ಬರಹಗಾರರೇ. ಆದರೂ ಒಂದು ಕೆಲಸಕ್ಕೆ ಎಲ್ಲರೂ ಹೆಗಲು ಕೊಟ್ಟರು.

ಯಾವ ಹಸ್ತಪ್ರತಿ ಎಂಬುದನ್ನು ನೀವೇ ಹೇಳಿ. ಒಂದೇ ಕೋರಿಕೆ: ‘ಚೆನ್ನಾಗಿದೆ’ ಎಂದಷ್ಟೇ ಬರೆದು ಹೋಗಬೇಡಿ. ಯಾವ ಸಾಲು ಚೆನ್ನಾಗಿದೆ, ಯಾವ ಪುಟದಲ್ಲಿ ಓದು ನಿಂತಿತು, ಅದನ್ನು ತಿಳಿಸಿ.

ಬೈಲಹೊಂಗಲದ ಕವಿ

ಅಕ್ಕ, ನಿಮ್ಮ ಮಾತಿಗೆ ನನ್ನ ವಿರೋಧವಿದೆ. ನೇರವಾಗಿಯೇ ಹೇಳುತ್ತೇನೆ.

ನನ್ನ ಮೊದಲ ಪದ್ಯ ಅಚ್ಚಾದದ್ದು ನಮ್ಮ ಸಂಕಲನದಲ್ಲಿ. ನಮ್ಮ ಮನೆಯಲ್ಲಿ ಪುಸ್ತಕ ಎಂದರೆ ಶಾಲೆಯ ಪುಸ್ತಕ, ಇಲ್ಲವೇ ಪುರಾಣ. ಹೊಲಕ್ಕೆ ಹೋಗುವ ಹುಡುಗ ಬರೆದದ್ದು ಅಚ್ಚಾಗುತ್ತದೆ ಎಂದು ನನ್ನ ತಂದೆ ನಂಬಿದ್ದು ಆ ಪ್ರತಿಯನ್ನು ಕೈಯಲ್ಲಿ ಹಿಡಿದ ಮೇಲೆ. ಅದಾದ ನಂತರವೇ ರಾತ್ರಿ ದೀಪ ಹಾಕಿಕೊಂಡು ಕೂತರೆ ಯಾರೂ ಬೈಯಲಿಲ್ಲ. ದೊಡ್ಡ ಪತ್ರಿಕೆಗಳ ಬಾಗಿಲು ಹೊಸಬರಿಗೆ ಸುಲಭವಾಗಿ ತೆರೆಯುವುದಿಲ್ಲ. ಆ ಬಾಗಿಲನ್ನು ನಾವೂ ಮುಚ್ಚಿದರೆ ಈ ವರ್ಷ ಸೇರಿದ ಕಾಲೇಜು ಹುಡುಗಿಯರು ಎಲ್ಲಿಗೆ ಹೋಗಬೇಕು?

ಸಂಕಲನ ಪರಿಪೂರ್ಣವಲ್ಲ ಎಂಬುದು ನನಗೂ ಗೊತ್ತು. ಹಾಗಾದರೆ ಅದರ ಗುಣ ಹೆಚ್ಚಿಸೋಣ, ನಿಲ್ಲಿಸುವುದು ಏಕೆ?

ನವನಗರದ ನಿವೃತ್ತ ಶಿಕ್ಷಕ

ಇಬ್ಬರ ಮಾತನ್ನೂ ಓದಿದೆ. ಸಂಕಲನದ ವಿಚಾರ ಸದ್ಯ ಪಕ್ಕಕ್ಕಿಟ್ಟು ನನ್ನ ಹಸ್ತಪ್ರತಿಯ ಬಗ್ಗೆ ಹೇಳುತ್ತೇನೆ, ಓದುವವರಿಗೆ ಅನುಕೂಲವಾಗಲಿ.

ಕಾದಂಬರಿ ಹಳೆಯ ಬಾಗಲಕೋಟೆಯ ಒಂದು ಓಣಿಯದು. ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು 1964ರಲ್ಲಿ. ಊರಿನ ತನಕ ನೀರು ಬಂದದ್ದು ದಶಕಗಳ ನಂತರ. ಮುಳುಗಡೆಯ ಕುರಿತು ಬರೆಯುವವರು ಸಾಮಾನ್ಯವಾಗಿ ನೀರು ಬಂದ ದಿನವನ್ನು ಬರೆಯುತ್ತಾರೆ. ನಾನು ಬರೆಯಬೇಕೆಂದಿರುವುದು ನಡುವಿನ ಕಾಲವನ್ನು. ಊರು ಹೋಗುತ್ತದೆ ಎಂದು ಗೊತ್ತು, ಯಾವಾಗ ಹೋಗುತ್ತದೆ ಎಂದು ಗೊತ್ತಿಲ್ಲ. ಮಾಳಿಗೆ ಸೋರುತ್ತಿದೆ, ಹೊಸ ಮಣ್ಣು ಹಾಕಿಸಬೇಕೇ ಬೇಡವೇ? ಮಗನ ಮದುವೆಗೆ ಒಂದು ಕೋಣೆ ಏರಿಸಬೇಕೇ? ಮುಳುಗುವ ಊರಿಗೆ ಹೆಣ್ಣು ಕೊಡುವವರು ಯಾರು? ಅಂಗಡಿಕಾರ ಉದ್ರಿ ಕೊಡುವುದನ್ನು ಯಾವಾಗ ನಿಲ್ಲಿಸುತ್ತಾನೆ? ಒಂದು ತಲೆಮಾರು ಪೂರ್ತಿ ಈ ಪ್ರಶ್ನೆಗಳ ನಡುವೆ ಬೆಳೆದು ಮುಪ್ಪಾಯಿತು.

ಮೂರನೆಯ ಅಧ್ಯಾಯದಲ್ಲಿ ಜನ ತಮ್ಮ ಮನೆಯನ್ನು ತಾವೇ ಬಿಚ್ಚುತ್ತಾರೆ. ತೊಲೆ, ಕಂಬ, ಜಂತಿ, ಬಾಗಿಲ ಚೌಕಟ್ಟು ಎಲ್ಲವನ್ನೂ ಟ್ರ್ಯಾಕ್ಟರಿಗೆ ಏರಿಸುತ್ತಾರೆ. ಮುಳುಗಡೆಯಾದವರಿಗೆಂದು ಕಟ್ಟಿದ ನವನಗರದ ಸೆಕ್ಟರಿನ ನಿವೇಶನ ಅಳತೆಯಲ್ಲಿ ಸಣ್ಣದು, ತೊಲೆ ಉದ್ದದ್ದು. ಅಜ್ಜ ಕತ್ತರಿಸಲು ಬಿಡುವುದಿಲ್ಲ. ಅಲ್ಲಿಗೆ ನಿಲ್ಲಿಸಿದ್ದೇನೆ.

ಅಣೆಕಟ್ಟಿನಲ್ಲಿ ನಿಲ್ಲಿಸುವ ನೀರಿನ ಮಟ್ಟದ ಅಂಕಿಗಳನ್ನು ಕಾದಂಬರಿಯಲ್ಲಿ ಇಡಬೇಕೇ ಎಂಬುದು ನನ್ನ ಪ್ರಶ್ನೆ. 519.60 ಮೀಟರ್ ಎಂಬ ಅಂಕಿ ನಮ್ಮ ಭಾಗದಲ್ಲಿ ಓದುಬರಹ ಬಾರದವರಿಗೂ ಬಾಯಿಪಾಠ. ಈಗ 524.256 ಮೀಟರ್ ಎಂಬ ಇನ್ನೊಂದು ಅಂಕಿ ಇದೆ. ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಮಂಡಳಿ 2010ರಲ್ಲಿ ಆ ಎತ್ತರಕ್ಕೆ ಒಪ್ಪಿದ ಮೇಲೆ ಇನ್ನಷ್ಟು ಊರುಗಳು ಹಿಂದೆ ನಾವು ಕಾದಂತೆ ಕಾಯುತ್ತಿವೆ. ಅಂಕಿಯನ್ನು ಬಿಟ್ಟರೆ ಆ ಭಯ ಬಿಟ್ಟಂತೆ ಆಗುತ್ತದೆ ಎಂಬುದು ನನ್ನ ನಂಬಿಕೆ.

ಇಂಡಿಯ ಓದುಗ

ನಮಸ್ಕಾರ ಸರ್. ನಾನು ಬರೆಯುವವನಲ್ಲ, ಓದುವವನು. ಆದ್ದರಿಂದ ಓದುಗನಾಗಿಯೇ ಹೇಳುತ್ತೇನೆ.

ತೊಲೆಯ ಭಾಗವನ್ನು ಮತ್ತೆ ಮತ್ತೆ ಓದಿದೆ. ಅಜ್ಜ ಗರಗಸದ ಮೇಲೆ ಕೈ ಇಡುವ ಸಾಲಿನಲ್ಲಿ ನಿಮ್ಮ ಇಡೀ ಕಾದಂಬರಿ ಇದೆ. ಆದರೆ ಅದರ ಹಿಂದಿನ ನಾಲ್ಕು ಪುಟಗಳಲ್ಲಿ ಭೂಸ್ವಾಧೀನದ ಕಲಮು, ಪರಿಹಾರದ ಲೆಕ್ಕ, ನ್ಯಾಯಾಲಯದ ತಾರೀಖುಗಳನ್ನು ನಿರೂಪಕನೇ ವಿವರಿಸುತ್ತಾನೆ. ಅಲ್ಲಿ ನನ್ನ ಓದು ನಿಂತಿತು. ಅಂಕಿ ಇರಲಿ, ಖಂಡಿತ ಇರಲಿ. ಅದನ್ನು ನಿರೂಪಕನಿಂದ ಕಿತ್ತು ಪಾತ್ರಗಳ ಬಾಯಿಗೆ ಕೊಡಿ. ಚಹಾದಂಗಡಿಯಲ್ಲಿ ಇಬ್ಬರು ಮೀಟರಿನ ಬಗ್ಗೆ ವಾದ ಮಾಡಲಿ. ಒಬ್ಬನ ಮನೆ ಗೆರೆಯ ಒಳಗೆ, ಮತ್ತೊಬ್ಬನ ಮನೆ ಗೆರೆಯ ಹೊರಗೆ. ಒಳಗಿದ್ದವನಿಗೆ ಪರಿಹಾರ, ಹೊರಗಿದ್ದವನಿಗೆ ಖಾಲಿ ಓಣಿ. ಅವರಿಬ್ಬರೂ ಅಣ್ಣತಮ್ಮಂದಿರಾಗಿದ್ದರೆ?

ನವನಗರದ ನಿವೃತ್ತ ಶಿಕ್ಷಕ

ಅಣ್ಣತಮ್ಮಂದಿರು! ಇದನ್ನು ನಾನು ತೆಗೆದುಕೊಳ್ಳುತ್ತೇನೆ. ನಿಮ್ಮ ಹೆಸರನ್ನು ಅರಿಕೆಯಲ್ಲಿ ಬರೆಯುತ್ತೇನೆ, ಬೇಡ ಎನ್ನಬಾರದು. ಈ ಅಧ್ಯಾಯ ಮತ್ತೆ ಮೊದಲಿನಿಂದ ಬರೆಯಬೇಕಾಗುತ್ತದೆ. ಹಾಗಾಗಿ ಈ ವರ್ಷದ ಪುಸ್ತಕವಾಗಿ ನನ್ನದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕಾದಂಬರಿ ಇನ್ನೂ ಬೇಯಬೇಕು.

ಇಳಕಲ್ಲಿನ ಮಗ್ಗದವನು

ಎಲ್ಲರಿಗೂ ಶರಣು. ನನ್ನ ಪ್ರಬಂಧ ಸೆರಗು ಕೂಡಿಸುವ ಕೆಲಸದ ಮೇಲೆ. ಇಳಕಲ್ಲ ಸೀರೆಯ ಒಡಲಿನ ಹಾಸು, ಎಂದರೆ ಮಗ್ಗದ ಉದ್ದಕ್ಕೆ ಬಿಗಿದ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಸೆರಗಿನದು ಕೆಂಪು ರೇಷ್ಮೆ. ಎರಡೂ ಹಾಸುಗಳ ಎಳೆಗಳನ್ನು ಒಂದರೊಳಗೊಂದು ಕೊಂಡಿ ಹಾಕಿ ಕೂಡಿಸಬೇಕು. ಆದ್ದರಿಂದ ಉದ್ದನೆಯ ಒಂದೇ ಹಾಸು ಹಾಕಿ ಸೀರೆಯ ಮೇಲೆ ಸೀರೆ ನೇಯುತ್ತಾ ಹೋಗಲು ಬರುವುದಿಲ್ಲ. ಪ್ರತಿ ಸೀರೆಗೂ ಬೇರೆ ಹಾಸು, ಪ್ರತಿ ಸೀರೆಗೂ ಮತ್ತೆ ಆ ಕೊಂಡಿಗಳು. ನಮ್ಮ ಮನೆಯಲ್ಲಿ ಅದನ್ನು ಮಾಡಿದವಳು ನನ್ನ ತಾಯಿ. ಸೀರೆಯ ಬೆಲೆ ಹೇಳುವಾಗ ನೇಯ್ದವನ ಕೂಲಿಯ ಮಾತು ಬರುತ್ತದೆ. ಎಳೆ ಕೂಡಿಸಿದವಳ ಕೂಲಿಯನ್ನು ಯಾರೂ ಎಣಿಸುವುದಿಲ್ಲ. ಅದನ್ನೇ ಬರೆದಿದ್ದೇನೆ.

ಕುಣಿ ಮಗ್ಗ, ಲಾಳಿ, ಹಣಿಗೆ ಎಲ್ಲವನ್ನೂ ವಿವರಿಸುತ್ತಾ ಹೋದರೆ ತಾಯಿ ಹಿಂದೆ ಸರಿಯುತ್ತಾಳೆ. ವಿವರಿಸದಿದ್ದರೆ ಹೊರಗಿನವರಿಗೆ ಕೆಲಸ ತಿಳಿಯುವುದಿಲ್ಲ. ಈ ಕಷ್ಟಕ್ಕೆ ಯಾರಾದರೂ ದಾರಿ ತೋರಿಸಿ.

ಸಂಚಾಲಕಿ, ವಿಜಯಪುರ

ಅಣ್ಣಾ, ಎರಡನೆಯ ಪುಟದಲ್ಲಿ ತಾಯಿ ಬೆರಳಿಗೆ ಬೂದಿ ಹಚ್ಚಿಕೊಂಡು ಎಳೆ ಹೊಸೆಯುವ ಭಾಗವಿದೆಯಲ್ಲ, ಅಲ್ಲಿ ನೀವು ಏನನ್ನೂ ವಿವರಿಸಿಲ್ಲ, ಆದರೂ ನನಗೆ ಕೆಲಸ ಪೂರ್ತಿ ಕಂಡಿತು. ಕೈ ಏನು ಮಾಡುತ್ತದೆ ಎಂದು ಬರೆದಲ್ಲೆಲ್ಲ ವಿವರಣೆ ತಾನಾಗಿಯೇ ಬರುತ್ತದೆ. ಉಪಕರಣದ ಹೆಸರು ಹೇಳಿ ಅದು ಏನೆಂದು ಬರೆದ ಪ್ಯಾರಾಗಳನ್ನು ತೆಗೆದು ನೋಡಿ. ಆ ಉಪಕರಣ ತಾಯಿಯ ಕೈಗೆ ಬಂದಾಗ ಮಾತ್ರ ಹೆಸರಿಸಿ.

ಚಡಚಣದ ಸಂಗ್ರಾಹಕಿ

ತಡವಾಗಿ ಬರೆಯುತ್ತಿದ್ದೇನೆ, ಎರಡು ಊರು ತಿರುಗಿ ಈಗ ಬಂದೆ.

ನನ್ನ ಸಂಗ್ರಹದ ಸ್ಥಿತಿ ತಿಳಿಸುತ್ತೇನೆ. ಬೀಸುವ ಪದಗಳು, ಕುಟ್ಟುವ ಪದಗಳು, ತೊಟ್ಟಿಲ ಪದಗಳು ಮೊಬೈಲಿನಲ್ಲಿ ಧ್ವನಿಯಾಗಿ ಇವೆ. ಕಾಗದಕ್ಕೆ ಇಳಿಸಿದ್ದು ಅರ್ಧಕ್ಕಿಂತ ಕಡಿಮೆ. ಹಾಡುವವರೆಲ್ಲ ವಯಸ್ಸಾದವರು. ನಮ್ಮ ಕಡೆ ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುಕಲ್ಲು ಮೂಲೆ ಸೇರಿತು. ಆಮೇಲೆ ಬಂದ ಸೊಸೆಯಂದಿರಿಗೆ ಬೆಳಗಿನ ಜಾವ ಎದ್ದು ಜೋಳ ಬೀಸುವ ದುಡಿತ ತಪ್ಪಿತು. ತಪ್ಪಿದ್ದು ಒಳ್ಳೆಯದೇ. ಆ ದುಡಿತವನ್ನು ಹೊಗಳುವ ಒಂದು ಸಾಲನ್ನೂ ನನ್ನ ಮುನ್ನುಡಿಯಲ್ಲಿ ಬರೆಯುವುದಿಲ್ಲ. ಆದರೆ ಅದರ ಜೊತೆಗೆ ಹಾಡು ಕಲಿಯುವ ಸಂದರ್ಭವೂ ಹೋಯಿತು.

ಒಂದು ಸಂಗತಿ ನನ್ನನ್ನು ಬಹಳ ಹಿಡಿದಿದೆ. ಕಟ್ಟೆಯ ಮೇಲೆ ಕೂರಿಸಿ ‘ಅಮ್ಮಾ, ಒಂದು ಪದ ಹೇಳಿ’ ಎಂದರೆ ಅಜ್ಜಿಯರು ಎರಡು ಪದ ಹೇಳಿ ಮರೆತೆ ಎನ್ನುತ್ತಾರೆ. ಒಂದು ಮನೆಯಲ್ಲಿ ಹಳೆಯ ಬೀಸುಕಲ್ಲು ಹೊರಗೆ ತಂದು ಕೆಳಗೆ ಗೋಣಿತಟ್ಟು ಹಾಸಿ ಒಂದು ಹಿಡಿ ಜೋಳ ಹಾಕಿದೆವು. ಅಜ್ಜಿ ಗೂಟ ಹಿಡಿದು ಒಂದು ಸುತ್ತು ತಿರುಗಿಸಿದರು, ಪದ ಬಂತು. ಎದುರಿಗೆ ನೆಗೆಣ್ಣಿ ಕೂತರು, ಅವರಿಗೂ ಬಂತು. ಒಬ್ಬರು ಬಿಟ್ಟಲ್ಲಿ ಇನ್ನೊಬ್ಬರು ಎತ್ತಿಕೊಂಡರು. ನೆನಪು ಇದ್ದದ್ದು ತೋಳಿನಲ್ಲಿ. ಅಂದಿನಿಂದ ಎಲ್ಲಿ ಹೋದರೂ ಮೊದಲು ಬೀಸುಕಲ್ಲು ಎಲ್ಲಿದೆ ಎಂದು ಕೇಳುತ್ತೇನೆ.

ನನಗೆ ಎರಡು ಸಂದೇಹಗಳಿವೆ. ಹಾಡುವಾಗ ಎರಡನೆಯ ಸಾಲನ್ನು ತಿರುಗಿ ಹಾಡುತ್ತಾರೆ, ನಡುವೆ ‘ಯವ್ವಾ’ ‘ನನ ತಮ್ಮಾ’ ಎಂದು ಸೇರಿಸುತ್ತಾರೆ. ಬರೆಯುವಾಗ ಅದನ್ನು ಇಡಬೇಕೇ, ಕತ್ತರಿಸಿ ಮೂರು ಸಾಲಿಗೆ ತರಬೇಕೇ? ಎರಡನೆಯದು ಹಾಡಿದವರ ಹೆಸರು. ನನಗೆ ಪ್ರತಿ ಪದದ ಕೆಳಗೆ ಹಾಡಿದವರ ಹೆಸರು ಮತ್ತು ಊರು ಅಚ್ಚಾಗಬೇಕು ಎಂಬ ಹಟ ಇದೆ. ‘ಜನಪದಕ್ಕೆ ಯಾರ ಹೆಸರು ಹಾಕುತ್ತೀರಿ’ ಎಂದು ಒಬ್ಬರು ವಿದ್ವಾಂಸರು ಕೇಳಿದರು.

ನವನಗರದ ನಿವೃತ್ತ ಶಿಕ್ಷಕ

ಮೊದಲನೆಯ ಸಂದೇಹಕ್ಕೆ ನನಗೆ ತಿಳಿದದ್ದು ಹೇಳುತ್ತೇನೆ ತಂಗಿ.

ಈ ಪದಗಳು ತ್ರಿಪದಿ, ಮೂರು ಸಾಲಿನ ಪದ್ಯ. ಅದಕ್ಕೆ ಲಕ್ಷಣದ ಪ್ರಕಾರ ಹನ್ನೊಂದು ಅಂಶಗಣಗಳು. ಮೊದಲ ಸಾಲಿನಲ್ಲಿ ನಾಲ್ಕು, ಎರಡನೆಯದರಲ್ಲಿ ನಾಲ್ಕು, ಮೂರನೆಯದರಲ್ಲಿ ಮೂರು. ಆರನೆಯ ಮತ್ತು ಹತ್ತನೆಯ ಗಣ ಎರಡು ಅಂಶದ ಬ್ರಹ್ಮಗಣ, ಉಳಿದವು ಮೂರು ಅಂಶದ ವಿಷ್ಣುಗಣ. ಇದು ಪುಸ್ತಕದ ಲೆಕ್ಕ. ಅಂಶಗಣ ಎಂದರೆ ಹಿಗ್ಗಿಸಿ ಕುಗ್ಗಿಸಿ ಹಾಡುವ ಗಣ. ಬರೆದ ಪದ್ಯದಲ್ಲಿ ಕುಂಟಿದಂತೆ ಕಾಣುವ ಸಾಲು ಹಾಡಿನಲ್ಲಿ ಸರಿಯಾಗಿಯೇ ನಡೆಯುತ್ತದೆ. ಆದ್ದರಿಂದ ಗಣ ತುಂಬಿಸಲು ಯಾವ ಅಕ್ಷರವನ್ನೂ ಸೇರಿಸಬೇಡಿ, ಹೆಚ್ಚಾಯಿತೆಂದು ತೆಗೆಯಲೂ ಬೇಡಿ.

ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ ನೋಡದವರು ಒಮ್ಮೆ ಹೋಗಿ ನೋಡಿ. ಸುಮಾರು 700ರ ಕಾಲದ್ದು. ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಕನ್ನಡ ತ್ರಿಪದಿ ಆ ಬಂಡೆಯ ಮೇಲಿದೆ. ಅಜ್ಜಿಯರು ಹಾಡುವ ಧಾಟಿ ಆ ಬಂಡೆಗೂ ಹಿಂದಿನಿಂದ ಬಂದಿರಬೇಕು ಎಂಬುದು ನನ್ನ ಎಣಿಕೆ, ಏಕೆಂದರೆ ಕಲ್ಲಿಗೆ ಹೋಗುವ ಮೊದಲು ಯಾವ ಮಟ್ಟವೂ ಬಾಯಲ್ಲಿ ಪಳಗಿರುತ್ತದೆ.

ನನ್ನ ಸಲಹೆ ಹೀಗೆ: ಪುಸ್ತಕದ ಪುಟದಲ್ಲಿ ಪದವನ್ನು ಮೂರು ಸಾಲಿನಲ್ಲಿ ಕೊಡಿ. ಪ್ರತಿ ಹಾಡುಗಾರ್ತಿಯದೂ ಒಂದು ಪದವನ್ನು ಮಾತ್ರ ಹಾಡಿದ ಹಾಗೆಯೇ, ತಿರುವು, ಸಂಬೋಧನೆ, ಉಸಿರು ಸಮೇತ ಪೂರ್ತಿ ಇಳಿಸಿ. ಓದುಗ ಅದನ್ನು ಕಂಡು ಉಳಿದವನ್ನು ಹಾಡಿಕೊಳ್ಳುತ್ತಾನೆ.

ಬೈಲಹೊಂಗಲದ ಕವಿ

ಸರ್, ಸಂಬೋಧನೆಗಳನ್ನು ತೆಗೆಯುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ‘ನನ ತಮ್ಮಾ’ ಎಂದು ಕರೆದಾಗಲೇ ಆ ಹೆಣ್ಣುಮಗಳು ತವರಿಗೆ ಹೋಗಿ ಬರುತ್ತಾಳೆ. ಅದನ್ನು ತೆಗೆದರೆ ಉಳಿಯುವುದು ಸುಭಾಷಿತ. ಕಾಗದ ಹೆಚ್ಚು ಹಿಡಿದರೂ ಸರಿ, ಸಂಬೋಧನೆ ಎಲ್ಲ ಪದಗಳಲ್ಲಿಯೂ ಇರಲಿ. ತಿರುಗಿ ಹಾಡುವ ಸಾಲನ್ನು ಬಿಡಿ, ಅದಕ್ಕೆ ಅಡ್ಡಿಯಿಲ್ಲ.

ಚಡಚಣದ ಸಂಗ್ರಾಹಕಿ

ಅಣ್ಣನ ಮಾತು ನನಗೆ ಸರಿ ಎನಿಸಿತು. ಮೂರು ಸಾಲು, ಸಂಬೋಧನೆ ಸಮೇತ. ಹಾಡಿದಂತೆ ಪೂರ್ತಿ ಇಳಿಸಿದ ಪದ ಒಬ್ಬೊಬ್ಬರದು ಒಂದೊಂದು. ಇಬ್ಬರ ಮಾತನ್ನೂ ಇಟ್ಟುಕೊಂಡೆ.

ಶಹಾಪುರದ ಅನುವಾದಕ

ಹೆಸರಿನ ವಿಷಯಕ್ಕೆ ಕಾನೂನಿನ ಕಡೆಯಿಂದ ಸ್ವಲ್ಪ. ಅನುವಾದದ ಹಕ್ಕಿಗಾಗಿ ಈ ಕಾಯ್ದೆಯನ್ನು ನಾನು ಓದಲೇಬೇಕಾಗಿತ್ತು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಹಕ್ಕು ಇರುತ್ತದೆ. ನನ್ನ ಮರಾಠಿ ಲೇಖಕರು ಸ್ವಾತಂತ್ರ್ಯಕ್ಕೂ ಮೊದಲು ತೀರಿಕೊಂಡವರು, ಆದ್ದರಿಂದ ಯಾರ ಒಪ್ಪಿಗೆಯೂ ಬೇಕಾಗಲಿಲ್ಲ.

ಪರಂಪರೆಯಿಂದ ಬಂದ ಹಾಡಿಗೆ ಒಬ್ಬ ಲೇಖಕರು ಎಂದಿಲ್ಲ, ನಿಜ. ಆದರೆ ಅದೇ ಕಾಯ್ದೆಯಲ್ಲಿ ಪ್ರದರ್ಶನಕಾರರ ಹಕ್ಕು ಎಂಬುದು ಬೇರೆಯಾಗಿದೆ. ಹಾಡುವವರು ಆ ವ್ಯಾಖ್ಯೆಯೊಳಗೆ ಬರುತ್ತಾರೆ, ಅವಧಿ 50 ವರ್ಷ. ಅಜ್ಜಿ ಹಾಡಿದ್ದನ್ನು ಧ್ವನಿಯಾಗಿ ಅಂತರ್ಜಾಲದಲ್ಲಿ ಇಡಬೇಕೆಂದರೆ ಅವರ ಒಪ್ಪಿಗೆ ಬೇಕು. ಸಹಿ ಬಾರದವರಿದ್ದರೆ ಅದೇ ಮೊಬೈಲಿನಲ್ಲಿ ಹಾಡಿಗೆ ಮೊದಲು ಅವರ ಬಾಯಿಂದಲೇ ಹೆಸರು, ಊರು, ಒಪ್ಪಿಗೆಯ ಮಾತು ಮುದ್ರಿಸಿಕೊಳ್ಳಿ. ಯಾವುದಕ್ಕೆ ಒಪ್ಪಿಗೆ ಎಂಬುದನ್ನು ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಿ: ಪುಸ್ತಕಕ್ಕೆ, ಧ್ವನಿಗೆ, ಹೆಸರಿಗೆ. ಮೂರೂ ಬೇರೆ ಬೇರೆ.

ನಿಮ್ಮ ವಿದ್ವಾಂಸರಿಗೆ ಹೀಗೆ ಹೇಳಬಹುದು: ಹಾಡು ಎಲ್ಲರದು, ಅಂದು ಹಾಡಿದ್ದು ಒಬ್ಬರು.

ಚಡಚಣದ ಸಂಗ್ರಾಹಕಿ

ಬಹಳ ಉಪಕಾರವಾಯಿತು ಅಣ್ಣ. ನಾನು ಕೇಳಿ ನೋಡಿದಾಗ ಉತ್ತರಗಳು ಬೇರೆ ಬೇರೆ ಬಂದವು. ಒಬ್ಬ ಅಜ್ಜಿ ‘ನನ್ನ ಹೆಸರಿನ ಜೊತೆ ನನ್ನ ಅವ್ವನ ಹೆಸರೂ ಹಾಕು, ಕಲಿಸಿದವಳು ಅವಳು’ ಎಂದರು. ಆ ತಾಯಿಯ ಹೆಸರು ಮತದಾರರ ಪಟ್ಟಿಯ ಹೊರಗೆ ಎಲ್ಲಿಯಾದರೂ ಅಚ್ಚಾಗಿತ್ತೋ ಇಲ್ಲವೋ. ಇನ್ನೊಬ್ಬರು ಹೆಸರು ಬೇಡವೇ ಬೇಡ ಎಂದರು. ಅವರ ಪದಗಳಲ್ಲಿ ಅತ್ತೆಯ ಕಾಟ, ಗಂಡನ ಹೊಡೆತ ಇದೆ. ಮಕ್ಕಳು, ಮೊಮ್ಮಕ್ಕಳು ಓದುತ್ತಾರೆ ಎಂಬ ಅಂಜಿಕೆ. ಅವರ ಪದಗಳ ಕೆಳಗೆ ಊರಿನ ಹೆಸರನ್ನೂ ಹಾಕದೆ ತಾಲ್ಲೂಕಿನ ಹೆಸರು ಮಾತ್ರ ಹಾಕುತ್ತೇನೆ.

ಸಂಚಾಲಕಿ, ವಿಜಯಪುರ

ಓದುತ್ತಾ ಬಂದ ಹಾಗೆ ನನ್ನ ಮನಸ್ಸು ಗಟ್ಟಿಯಾಯಿತು. ಈ ವರ್ಷದ ಪುಸ್ತಕ ಇದೇ ಆಗಬೇಕು. ಕಾದಂಬರಿ ಕಾಯಬಲ್ಲದು ಎಂದು ಸರ್ ಅವರೇ ಹೇಳಿದ್ದಾರೆ. ಮಗ್ಗದ ಪ್ರಬಂಧಗಳನ್ನು ಬರೆಯುವ ಕೈ ಗಟ್ಟಿಯಾಗಿದೆ. ಈ ಹಾಡುಗಳಿಗೆ ಮಾತ್ರ ಕಾಯುವ ಸಮಯವಿಲ್ಲ.

ವಿಜಯಪುರದಲ್ಲಿ ಕೂತು ಈ ಮಾತು ಬರೆಯುವಾಗ ಫ.ಗು. ಹಳಕಟ್ಟಿಯವರು ನೆನಪಾಗದೆ ಇರುವುದಿಲ್ಲ. ವಕೀಲಿ ವೃತ್ತಿಯವರು, ವಚನಗಳ ತಾಡೋಲೆಗಳನ್ನು ಹುಡುಕುತ್ತಾ ಮನೆ ಮನೆ ತಿರುಗಿದರು. ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಆಮೇಲೆ ಇದೇ ಊರಿನಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದು 1926ರಿಂದ ‘ಶಿವಾನುಭವ’ ಪತ್ರಿಕೆ ನಡೆಸಿದರು. ಅವರು ಅಂದು ತಾಡೋಲೆ ಕೂಡಿಹಾಕದೆ ತಮ್ಮದೇ ಲೇಖನ ಬರೆದುಕೊಂಡು ಕೂತಿದ್ದರೆ ಎಷ್ಟೋ ಕಟ್ಟುಗಳು ಗೆದ್ದಲು ಹಿಡಿದು ಹೋಗುತ್ತಿದ್ದವು. ಅವರು ನಡೆದಾಡಿದ ಊರಿನಲ್ಲಿ ನಾವು ಇಷ್ಟು ಮಾಡದಿದ್ದರೆ ಹೇಗೆ?

ಬೈಲಹೊಂಗಲದ ತಮ್ಮ, ನಿಮ್ಮ ಆಕ್ಷೇಪವನ್ನು ನಾನು ಬದಿಗೆ ತಳ್ಳುತ್ತಿಲ್ಲ. ಹೊಸಬರಿಗೆ ದಾರಿ ಬೇಕು. ಏನು ಮಾಡೋಣ, ನೀವೇ ಹೇಳಿ.

ಬೈಲಹೊಂಗಲದ ಕವಿ

ಈ ಪುಸ್ತಕಕ್ಕೆ ನಾನು ಅಡ್ಡ ಬರುವುದಿಲ್ಲ ಅಕ್ಕ. ಮೇಲೆ ಬರೆದ ಅಜ್ಜಿಯ ಅವ್ವನ ಮಾತು ಓದಿದ ಮೇಲೆ ಅಡ್ಡ ಬರಲು ಸಾಧ್ಯವೂ ಇಲ್ಲ. ಆದರೆ ಷರತ್ತು ಎರಡು. ಹೊಸದಾಗಿ ಸೇರಿದವರನ್ನು ಇಳಿಸುವ ಕೆಲಸಕ್ಕೆ ಹಚ್ಚಬೇಕು ಮತ್ತು ಅವರವರು ಇಳಿಸಿದ ಪದಗಳಿಗೆ ಅವರ ಹೆಸರನ್ನೂ ಪುಸ್ತಕದಲ್ಲಿ ಕೊಡಬೇಕು. ಕಿವಿಯಿಂದ ಕೇಳಿ ಕೈಯಿಂದ ಬರೆಯುವುದಕ್ಕಿಂತ ಒಳ್ಳೆಯ ಪಾಠ ಕವಿಗೆ ಇನ್ನೊಂದಿಲ್ಲ. ಎರಡನೆಯದು, ತಿಂಗಳಿಗೊಂದು ಓದು ಇಡೋಣ. ಒಂದು ತಿಂಗಳು ಬೆಳಗಾವಿ, ಒಂದು ತಿಂಗಳು ಬಾಗಲಕೋಟೆ, ಒಂದು ತಿಂಗಳು ವಿಜಯಪುರ. ಅಲ್ಲಿ ಹೊಸಬರೇ ಮೊದಲು ಓದಬೇಕು, ಹಿರಿಯರು ಕೊನೆಗೆ.

ಸಂಚಾಲಕಿ, ವಿಜಯಪುರ

ಎರಡಕ್ಕೂ ಒಪ್ಪಿದೆ.

ಗೋಕಾಕದ ಮುದ್ರಕ

ಪುಸ್ತಕ ನಿರ್ಧಾರವಾದಂತೆ ಕಾಣುತ್ತದೆ, ಆದ್ದರಿಂದ ಅಚ್ಚಿನ ಮಾತು ಹೇಳುತ್ತೇನೆ.

ಡೆಮಿ 1/8 ಅಳತೆ ಇಟ್ಟುಕೊಳ್ಳಿ. ಒಂದು ಫಾರಂ ಎಂದರೆ 16 ಪುಟ. ಒಟ್ಟು ಪುಟ ಫಾರಮಿಗೆ ಸರಿಹೊಂದಿದರೆ ಕಾಗದ ವ್ಯರ್ಥವಾಗುವುದಿಲ್ಲ. ಪದಗಳನ್ನು ಇಕ್ಕಟ್ಟಾಗಿ ತುರುಕಬೇಡಿ. ಹೆಸರು, ಊರು ಕೆಳಗೆ ಬರಬೇಕೆಂದರೆ ಪುಟಕ್ಕೆ ನಾಲ್ಕು ಪದ ಸಾಕು.

ಟೈಪ್ ಮಾಡುವವರಿಗೆ ಮುಖ್ಯ ಸೂಚನೆ: ಎಲ್ಲರೂ ಯೂನಿಕೋಡಿನಲ್ಲಿಯೇ ಟೈಪ್ ಮಾಡಿ. ಕೆಲವರು ಹಳೆಯ ನುಡಿ ಫಾಂಟಿನಲ್ಲಿ, ಕೆಲವರು ಯೂನಿಕೋಡಿನಲ್ಲಿ ಕಳಿಸಿದರೆ ಪರಿವರ್ತನೆಯಲ್ಲಿ ಅರ್ಕಾವತ್ತು, ಒತ್ತಕ್ಷರಗಳು ಕೆಡುತ್ತವೆ. ಆಡುಮಾತಿನ ಪದಗಳಲ್ಲಿ ಅದು ತಪ್ಪೋ ಸರಿಯೋ ಎಂದು ಕರಡು ತಿದ್ದುವವರಿಗೆ ತಿಳಿಯುವುದಿಲ್ಲ. ಆದ್ದರಿಂದ ಕರಡು ತಿದ್ದುವವರು ಧ್ವನಿ ಕೇಳುತ್ತಾ ತಿದ್ದಬೇಕು, ಬರೀ ಕಾಗದ ನೋಡಿ ಅಲ್ಲ.

ಐಎಸ್‌ಬಿಎನ್ ಎಂಬ ಪುಸ್ತಕದ ಗುರುತಿನ ಸಂಖ್ಯೆಗೆ ಯಾರಿಗೂ ಹಣ ಕೊಡಬೇಡಿ. ರಾಜಾ ರಾಮಮೋಹನ್ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆ ಅದನ್ನು ಉಚಿತವಾಗಿ ಕೊಡುತ್ತದೆ, ಅರ್ಜಿ ಆನ್‌ಲೈನಿನಲ್ಲಿ. ಇದಕ್ಕೇ ಎಂದು ಹಣ ಕಿತ್ತವರನ್ನು ಕಂಡಿದ್ದೇನೆ, ಆದ್ದರಿಂದ ಒತ್ತಿ ಹೇಳುತ್ತಿದ್ದೇನೆ. ಪುಸ್ತಕ ಹೊರಬಂದ ಮೇಲೆ ಗ್ರಂಥಾಲಯಗಳಿಗೆ ಪುಸ್ತಕ ಸಲ್ಲಿಸುವ 1954ರ ಕಾಯ್ದೆಯಂತೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಕಾಯ್ದೆಯಲ್ಲಿ ಹೇಳಿದ ಇತರ ಗ್ರಂಥಾಲಯಗಳಿಗೂ 30 ದಿನದೊಳಗೆ ಪ್ರತಿ ಕಳಿಸಬೇಕು. ಬಹಳ ಜನ ಕಳಿಸುವುದಿಲ್ಲ. ಈ ಪುಸ್ತಕವನ್ನಂತೂ ಕಳಿಸಲೇಬೇಕು. ಅಜ್ಜಿಯರ ಹೆಸರು ಅಲ್ಲಿಯ ಕಪಾಟಿನಲ್ಲಿ ಇರಲಿ.

ಧ್ವನಿಯನ್ನು ಕೇಳಿಸುವ ಕ್ಯೂಆರ್ ಕೋಡ್ ಪ್ರತಿ ಹಾಡುಗಾರ್ತಿಯ ಮೊದಲ ಪುಟದಲ್ಲಿ ಹಾಕಬಹುದು. ಜಾಗ ಬಿಡುತ್ತೇನೆ.

ಇಳಕಲ್ಲಿನ ಮಗ್ಗದವನು

ಹೊದಿಕೆಗೆ ಸೀರೆಯ ಸೆರಗು ಆಗಬಹುದೇ? ನನ್ನ ತಾಯಿ ಎಳೆ ಕೂಡಿಸಿದ ಕೊನೆಯ ಸೀರೆ ಮನೆಯಲ್ಲಿದೆ. ಕೆಂಪು ಸೆರಗಿನ ಮೇಲೆ ಬಾಚಣಿಗೆಯ ಹಲ್ಲಿನಂಥ ಬಿಳಿಯ ಹಣಿಗೆಯ ಸಾಲು. ಒಳ್ಳೆಯ ಬೆಳಕಿನಲ್ಲಿ ಚಿತ್ರ ತೆಗೆದು ಕಳಿಸುತ್ತೇನೆ. ಬೀಸುವ ಪದ ಹಾಡಿದವರು ಉಟ್ಟದ್ದು ಇದೇ ಸೀರೆ ತಾನೇ.

ಚಡಚಣದ ಸಂಗ್ರಾಹಕಿ

ಅಣ್ಣಾ, ಬೇರೆ ಹೊದಿಕೆಯ ಮಾತೇ ಬೇಡ. ಚಿತ್ರದ ಕೆಳಗೆ ನಿಮ್ಮ ತಾಯಿಯ ಹೆಸರು ಬರಬೇಕು. ಅದಿಲ್ಲದೆ ಹಾಕುವುದಿಲ್ಲ.

ಇಂಡಿಯ ಓದುಗ

ಟೈಪಿಂಗ್ ನನಗೆ ಬರುತ್ತದೆ. ಇಷ್ಟು ದಿನ ನನ್ನಿಂದ ಬಳಗಕ್ಕೆ ಏನು ಉಪಯೋಗ ಎಂದುಕೊಳ್ಳುತ್ತಿದ್ದೆ. ಎಷ್ಟು ಕಡತಗಳಿದ್ದರೂ ಕಳಿಸಿ. ಕಡತದ ಹೆಸರಿನಲ್ಲಿ ಊರು, ತಾರೀಖು ಮತ್ತು ಹಾಡಿದವರ ಹೆಸರು ಇರಲಿ. ಇಲ್ಲದಿದ್ದರೆ ಯಾವ ಪದ ಯಾರದು ಎಂಬುದು ಕಲಸಿಹೋಗುತ್ತದೆ.

ಶಹಾಪುರದ ಅನುವಾದಕ

ಒಂದು ಬೇಡಿಕೆ. ಚಡಚಣ ಗಡಿ ಊರು. ಅಲ್ಲಿಯ ಅಜ್ಜಿಯರಲ್ಲಿ ಮರಾಠಿ ಓವಿಗಳನ್ನೂ ಹಾಡುವವರು ಸಿಗಬಹುದು. ಅದೂ ಬೀಸುಕಲ್ಲಿನ ಹಾಡೇ. ಎರಡೂ ಮಾತಿನಲ್ಲಿ ಹಾಡುವವರು ಸಿಕ್ಕರೆ ಮರಾಠಿಯದನ್ನು ಬಿಡಬೇಡಿ, ಅದನ್ನೂ ಮುದ್ರಿಸಿಕೊಳ್ಳಿ. ಕನ್ನಡ ಮಾಡುವ ಹೊಣೆ ನನ್ನದು. ಬೆಳಗಾವಿಯಲ್ಲಿ ಹುಟ್ಟಿ ಬೆಳೆದ ನನಗೆ ಒಂದೇ ಕಲ್ಲಿನ ಮೇಲೆ ಎರಡು ನುಡಿಯ ಹಾಡು ಬಂದರೆ ಅದಕ್ಕಿಂತ ಸಂತೋಷ ಬೇರೆ ಇಲ್ಲ.

ಚಡಚಣದ ಸಂಗ್ರಾಹಕಿ

ಅಂಥವರು ಒಬ್ಬರಿದ್ದಾರೆ, ತವರು ಸೊಲ್ಲಾಪುರದ ಕಡೆ. ಬರುವ ಭಾನುವಾರ ಅವರ ಮನೆಗೇ ಹೋಗುವುದು. ನೀವೇ ಬನ್ನಿ ಅಣ್ಣ, ನನಗೆ ಮರಾಠಿ ಪೂರ್ತಿ ಹಿಡಿತಕ್ಕೆ ಸಿಗುವುದಿಲ್ಲ.

ವಿಜಯಪುರದಿಂದ ಬರುವವರು ಸೊಲ್ಲಾಪುರ ಬಸ್ಸು ಹತ್ತಿ ಝಳಕಿಯಲ್ಲಿ ಇಳಿಯಿರಿ, ಇಂಡಿಯವರೂ ಅಲ್ಲಿಗೇ ಬನ್ನಿ. ಅಲ್ಲಿಂದ ಕರೆದುಕೊಂಡು ಹೋಗಲು ನನ್ನ ತಮ್ಮ ಗಾಡಿ ತರುತ್ತಾನೆ. ಬೆಳಿಗ್ಗೆ ಬೇಗ ಬನ್ನಿ, ಹನ್ನೊಂದರ ನಂತರ ಮನೆಗಳಲ್ಲಿ ಟಿವಿ ಹಚ್ಚುತ್ತಾರೆ, ಧ್ವನಿ ಕೆಡುತ್ತದೆ. ಮೊಬೈಲ್ ಪೂರ್ತಿ ಚಾರ್ಜ್ ಮಾಡಿಕೊಂಡು ಬನ್ನಿ. ಎಷ್ಟು ಜನ ಬರುತ್ತೀರಿ ಎಂದು ಶುಕ್ರವಾರದೊಳಗೆ ಇಲ್ಲಿಯೇ ತಿಳಿಸಿ, ರೊಟ್ಟಿಗೆ ಎಷ್ಟು ಹಿಟ್ಟು ಎಂದು ನಮ್ಮ ಅತ್ತೆ ಈಗಲೇ ಕೇಳುತ್ತಿದ್ದಾರೆ.